ದಾವಣಗೆರೆ ಎಪಿಎಂಸಿಯ ನಮ್ಮ ಮೆಕ್ಕೆಜೋಳದ ಮಂಡಿಯ ಕಂಪ್ಯೂಟರ್ ಮಧ್ಯಾಹ್ನವಾದರೆ ತೆವಳುತ್ತದೆ. ಫಾರ್ಮ್ಯಾಟ್ ಮಾಡಿಸಬೇಕೇ?

ಈಗಲೇ ಬೇಡ. ಕಾರಣ ತಿಳಿಯದೆ ಫಾರ್ಮ್ಯಾಟ್ ಮಾಡಿಸಿದರೆ ಟ್ಯಾಲಿ ಲೆಕ್ಕ ಕಳೆದುಕೊಳ್ಳುವ ಭಯ ಬೇರೆ.

ನಿಧಾನವಾದ ಹೊತ್ತಿನಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಬೆಳಿಗ್ಗೆ ಚೆನ್ನಾಗಿರುವಾಗ ನೋಡಿ ಪ್ರಯೋಜನವಿಲ್ಲ. ಡಿಸ್ಕ್ 100% ಇದ್ದು ಸಿಪಿಯು (ಪ್ರೊಸೆಸರ್) ಸುಮ್ಮನಿದ್ದರೆ ಎಲ್ಲರೂ ಹಾರ್ಡ್ ಡಿಸ್ಕನ್ನೇ ದೂರುತ್ತಾರೆ. ತಡೆಯಿರಿ, ಮೆಮೊರಿ ಕಾಲಂ ನೋಡಿ. ಅದೂ 90% ದಾಟಿದ್ದರೆ ಕೊರತೆ ಆ ಮೆಮೊರಿಯದು, ಅಂದರೆ ರ‍್ಯಾಮ್‌ನದು: ಜಾಗ ಸಾಲದೆ ವಿಂಡೋಸ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುತ್ತಿರುತ್ತದೆ. 4 ಜಿಬಿಯಲ್ಲಿ ಟ್ಯಾಲಿ, ಕನ್ನಡ ಟೈಪಿಂಗಿನ ನುಡಿ, ಜೊತೆಗೆ ಕ್ರೋಮ್‌ನ ಹತ್ತಾರು ಟ್ಯಾಬ್ ಎಂದರೆ ಹೀಗಾಗದೆ ಇನ್ನೇನು! ಮೆಮೊರಿ ಖಾಲಿಯಿದ್ದೂ ಡಿಸ್ಕ್ 100% ತೋರಿಸುತ್ತಿದ್ದರೆ ಮಾತ್ರ, ಹಳೆಯ ತಿರುಗುವ ಡಿಸ್ಕ್ ತೆಗೆಸಿ, ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿ ಹಾಕಿಸಿ.

ನಿಮ್ಮದು ಮಧ್ಯಾಹ್ನದ ಕಾಯಿಲೆ ಆದ್ದರಿಂದ ನನ್ನ ಅನುಮಾನ ಧೂಳಿನ ಮೇಲೆ. ಜೋಳದ ಹೊಟ್ಟು ಫ್ಯಾನಿಗೆ ಕಟ್ಟಿಕೊಂಡರೆ, ಬಿಸಿಲೇರಿದಾಗ ಪ್ರೊಸೆಸರ್ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಕೆಲಸದ ಹೊರೆಯಿದ್ದಾಗಲೂ ‘ಸ್ಪೀಡ್’ ಅಂಕಿ ‘ಬೇಸ್ ಸ್ಪೀಡ್’ಗಿಂತ ಕೆಳಗೇ ನಿಂತಿದ್ದರೆ ಇದೇ ಕಾರಣ ಇರಬಹುದು. ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಮೃದು ಬ್ರಷ್‌ನಿಂದ ಒರೆಸಿ.

ಆ್ಯಂಟಿವೈರಸ್ ಸ್ಕ್ಯಾನ್ ಅದೇ ಸಮಯಕ್ಕೆ ಇಟ್ಟಿದೆಯೇ ಎಂದೂ ನೋಡಿ. ಟ್ಯಾಲಿ ಒಂದೇ ನಿಧಾನವಾಗಿದ್ದು, ಡೇಟಾ ಬೇರೆ ಕಂಪ್ಯೂಟರಿನಲ್ಲಿದ್ದರೆ ನೆಟ್‌ವರ್ಕ್ ಕೇಬಲ್ ಪರೀಕ್ಷಿಸಿ.