ಗುಹೆಯಲ್ಲಿ ಸಿಕ್ಕವರನ್ನು ಮೇಲಿನಿಂದ ಅಗೆದು ತೆಗೆಯಲು ಏಕಾಗುವುದಿಲ್ಲ?

2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದ ಮಗುವನ್ನು ಜೀವಂತವಾಗಿ ತೆಗೆಯಲಾಯಿತು. ಹಾಗಿದ್ದಮೇಲೆ 2009ರಲ್ಲಿ ಅಮೆರಿಕದ ಯೂಟಾ ರಾಜ್ಯದ ನಟಿ ಪಟಿ ಗುಹೆಯಲ್ಲಿ ಅದೇ ರೀತಿ ಸಿಕ್ಕಿಕೊಂಡ ಯುವಕನನ್ನು ಏಕೆ ಉಳಿಸಲಾಗಲಿಲ್ಲ ಎಂದು ಕೇಳಿದ್ದೀರಿ. ಗೆಳೆಯರೊಡನೆ ಮೇಘಾಲಯದ ಗುಹೆಗಳಿಗೆ ಹೋಗುವ ಯೋಚನೆಯನ್ನೂ ತಿಳಿಸಿದ್ದೀರಿ. ಹವ್ಯಾಸಕ್ಕಾಗಿ ಗುಹೆಗಳಿಗೆ ಇಳಿಯುವವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಲಚ್ಯಾಣದ ಮಗು ಇದ್ದದ್ದು ಸುಮಾರು ಹದಿನಾರು ಅಡಿ ಆಳದಲ್ಲಿ. ಕೊಳವೆಬಾವಿ ನೇರವಾಗಿರುವುದರಿಂದ ಮಗು ಎಲ್ಲಿದೆಯೆಂಬುದು ಖಚಿತವಾಗಿ ಗೊತ್ತಿತ್ತು, ಯಂತ್ರಗಳು ಪಕ್ಕದಲ್ಲೇ ನಿಂತು ಸಮಾನಾಂತರವಾಗಿ ಗುಂಡಿ ತೋಡಬಹುದಿತ್ತು. ಆದರೂ ಇಪ್ಪತ್ತು ಗಂಟೆ ಹಿಡಿಯಿತು.

ನಟಿ ಪಟಿಯಲ್ಲಿ ಇವುಗಳಲ್ಲಿ ಯಾವುದೂ ಇರಲಿಲ್ಲ. ಇಪ್ಪತ್ತಾರು ವರ್ಷದ ಆ ವೈದ್ಯಕೀಯ ವಿದ್ಯಾರ್ಥಿ ಗುಹೆಯ ಬಾಯಿಯಿಂದ ಸುಮಾರು 400 ಅಡಿ ಒಳಗೆ, ಹತ್ತು ಅಂಗುಲ ಎತ್ತರ, ಹದಿನೆಂಟು ಅಂಗುಲ ಅಗಲದ ಸಂದಿಯೊಂದಕ್ಕೆ ತಲೆ ಮುಂದಾಗಿ ನುಗ್ಗಿದ್ದ. ಇಂಥ ಕಡೆ ಉಸಿರನ್ನು ಪೂರ್ತಿ ಹೊರಬಿಟ್ಟು, ಎದೆಯನ್ನು ಕುಗ್ಗಿಸಿಕೊಂಡು ಮುಂದೆ ಜಾರುವುದು ರೂಢಿ. ಆದರೆ ದಾರಿ ಕೆಳಮುಖವಾಗಿದ್ದರೆ ಮತ್ತೆ ಉಸಿರೆಳೆದಾಗ ಹಿಗ್ಗುವ ಎದೆಯೇ ಬಂಡೆಗೆ ಬಿಗಿದುಕೊಳ್ಳುತ್ತದೆ, ಹಿಂದಕ್ಕೆ ತಳ್ಳಿಕೊಳ್ಳಲು ಕೈಗಳಿಗೆ ಜಾಗವಿರುವುದಿಲ್ಲ. ನೂರಕ್ಕೂ ಹೆಚ್ಚು ಜನ ನೆರವಿಗೆ ಬಂದರೂ ಅವನ ಪಾದಗಳ ಬಳಿಗೆ ಒಮ್ಮೆಗೆ ಒಬ್ಬರಷ್ಟೇ ತಲುಪಬಹುದಿತ್ತು. ಬಂಡೆಯನ್ನು ಕೊರೆಯಲು ನೋಡಿದರೆ ಕೆಲಸ ಅಂಗುಲ ಅಂಗುಲವಾಗಿ ಸಾಗುತ್ತಿತ್ತು. ಸಂದಿಯ ತಿರುವು ಎಂಥದ್ದೆಂದರೆ, ಹಗ್ಗ ಕಟ್ಟಿ ಎಳೆದಾಗ ಕಾಲುಗಳು ಬಾಗಬಾರದ ಕಡೆಗೆ ಬಾಗಬೇಕಿತ್ತು. ರಾಟೆಗಳ ಸಾಲಿನಿಂದ ಅವನನ್ನು ತುಸು ಮೇಲಕ್ಕೆ ತಂದಿದ್ದರು. ಬಂಡೆಗೆ ಬಿಗಿದಿದ್ದ ಕೊಂಡಿಯೊಂದು ಕಿತ್ತುಬಂದು ಅವನು ಮತ್ತೆ ಜಾರಿದ. ತಲೆಕೆಳಗಾದ ದೇಹದಲ್ಲಿ ರಕ್ತವು ತಲೆ ಮತ್ತು ಎದೆಯ ಕಡೆಗೆ ಸೇರುತ್ತದೆ, ಹೊಟ್ಟೆಯ ಅಂಗಗಳು ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಯ ಮೇಲೆ ಒತ್ತುತ್ತವೆ, ಹೃದಯ ದಣಿಯುತ್ತದೆ. ಸುಮಾರು ಇಪ್ಪತ್ತೇಳು ಗಂಟೆಗಳ ನಂತರ ಅವನು ತೀರಿಕೊಂಡ. ಶವವನ್ನೂ ಹೊರತರಲಾಗದೆ ಗುಹೆಯನ್ನು ಕಾಂಕ್ರೀಟಿನಿಂದ ಮುಚ್ಚಿದರು.

ಗಾಳಿಯದು ಬೇರೆಯದೇ ಸಮಸ್ಯೆ. 1959ರಲ್ಲಿ ಇಂಗ್ಲೆಂಡಿನ ಪೀಕ್ ಕ್ಯಾವರ್ನ್ ಎಂಬ ಗುಹೆಯ ಇಕ್ಕಟ್ಟಾದ ಕಂಡಿಯೊಂದರಲ್ಲಿ ಸಿಕ್ಕಿಕೊಂಡ ಆಕ್ಸ್‌ಫರ್ಡ್ ವಿದ್ಯಾರ್ಥಿಯನ್ನು ಕೊಂದದ್ದು ಅವನ ಉಸಿರಿನಿಂದಲೇ ತಳದಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್. ಅವನನ್ನು ತಲುಪಲು ಇಳಿದವರೂ ಪ್ರಜ್ಞೆ ತಪ್ಪಿದರು.

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಎಂಬ ನೀರು ತುಂಬಿದ ಗುಹೆಯಿಂದ ಹನ್ನೆರಡು ಹುಡುಗರೂ ಅವರ ತರಬೇತುದಾರನೂ ಬದುಕಿ ಬಂದದ್ದನ್ನು ಉದಾಹರಿಸಿ ಧೈರ್ಯ ಹೇಳುವವರಿದ್ದಾರೆ. ಆ ಉದಾಹರಣೆ ನನಗೆ ಭಯವನ್ನೇ ಹೆಚ್ಚಿಸುತ್ತದೆ. ಮುಳುಗಿದ ದಾರಿಯಲ್ಲಿ ಹುಡುಗರು ಗಾಬರಿಯಾಗಿ ಒದ್ದಾಡಿದರೆ ಜೊತೆಯ ಮುಳುಗುಗಾರನೂ ಸಾಯಬಹುದೆಂದು ಆಸ್ಟ್ರೇಲಿಯಾದ ಅರಿವಳಿಕೆ ತಜ್ಞ ರಿಚರ್ಡ್ ಹ್ಯಾರಿಸ್ ಆ ಹುಡುಗರಿಗೆ ಮದ್ದು ಕೊಟ್ಟು, ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಸಾಗಿಸಬೇಕಾಯಿತು. ಅದಕ್ಕೂ ಮೊದಲು, ಜುಲೈ 6ರಂದು, ದಾರಿಯುದ್ದಕ್ಕೂ ಗಾಳಿಯ ಸಿಲಿಂಡರುಗಳನ್ನು ಇಡಲು ಹೋಗಿದ್ದ ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನಾನ್ ಹಿಂದಿರುಗುವಾಗ ಮೃತಪಟ್ಟಿದ್ದರು.

ಮೇಘಾಲಯಕ್ಕೆ ಹೋಗಬೇಡಿ ಎನ್ನಲಾರೆ. ಅಲ್ಲಿನ ಸುಣ್ಣಕಲ್ಲಿನ ಗುಹೆಗಳು ನೋಡತಕ್ಕವೇ. ಆದರೆ ಮಳೆಗಾಲದಲ್ಲಿ ಹೋಗಬೇಡಿ, ಏಕೆಂದರೆ ಗುಹೆಯ ಬಾಯಿಯಲ್ಲಿ ಬಿಸಿಲಿದ್ದರೂ ದೂರದ ಗುಡ್ಡದಲ್ಲಿ ಸುರಿದ ಮಳೆ ಒಳಗಿನ ಹೊಳೆಯನ್ನು ಏರಿಸಬಲ್ಲದು. ದಾರಿ ಬಲ್ಲ ಸ್ಥಳೀಯರೊಡನೆ ಇಳಿಯಿರಿ. ಹೆಲ್ಮೆಟ್ಟಿನ ದೀಪವಲ್ಲದೆ ತಲಾ ಎರಡು ಬಿಡಿ ದೀಪಗಳಿರಲಿ. ಎಷ್ಟು ಹೊತ್ತಿಗೆ ಹೊರಬರುತ್ತೀರಿ, ಬಾರದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಹೊರಗಿರುವ ಒಬ್ಬರಿಗೆ ಬರೆದು ಕೊಡಿ. ಕೆಳಕ್ಕೆ ಇಳಿಯುವ ಇಕ್ಕಟ್ಟಾದ ಸಂದಿಗೆ ತಲೆ ಮುಂದಾಗಿ ಹೋಗಲು ಗುಂಪಿನಲ್ಲಿ ಯಾರಾದರೂ ಉತ್ಸಾಹ ತೋರಿದರೆ, ಅವರ ಕಾಲು ಹಿಡಿದಾದರೂ ನಿಲ್ಲಿಸಿ.