ಫೇಲಾದ ಲಾಗಿನ್ ಬಿಡಿ, ಪಾಸಾದದ್ದನ್ನು ನೋಡಿ

ಪ್ರಶ್ನೆ: ನಮ್ದು ಬೈಕಂಪಾಡಿಯಲ್ಲಿ ಗೇರುಬೀಜ ಎಕ್ಸ್‌ಪೋರ್ಟ್ ಆಫೀಸ್. 18 ಜನ ಸ್ಟಾಫ್, ಮೇಲು ಫೈಲು ಎಲ್ಲ ಮೈಕ್ರೋಸಾಫ್ಟ್ 365ರಲ್ಲಿ ಉಂಟು. ಐಟಿಗೆ ಅಂತ ಬೇರೆ ಜನ ಇಲ್ಲ, ಅಕೌಂಟ್ಸ್ ನೋಡುವ ನಾನೇ ಅಡ್ಮಿನ್. ಮೊನ್ನೆ ಸೈನ್-ಇನ್ ಲಾಗ್ (ಯಾರು ಯಾವಾಗ ಲಾಗಿನ್ ಆಗ್ಲಿಕ್ಕೆ ನೋಡಿದ್ರು ಅನ್ನುವ ಪಟ್ಟಿ) ಓಪನ್ ಮಾಡಿದ್ರೆ ಬ್ರೆಜಿಲ್, ರಷ್ಯಾ, ವಿಯೆಟ್ನಾಂ ಅಂತ ಫೇಲಾದ ಲಾಗಿನ್ ರಾಶಿ ರಾಶಿ. ಯಾರೋ ನಮ್ಮ ಹಿಂದೆ ಬಿದ್ದಿದ್ದಾರಾ? ದಿನಾ ಕೂತು ಇದನ್ನು ನೋಡ್ಬೇಕಾ?

ಉತ್ತರ: ವಿಯೆಟ್ನಾಂ ಅಂದ ಕೂಡ್ಲೇ ಗೇರುಬೀಜದ ಕಾಂಪಿಟಿಶನ್‌ನವರ ಮೇಲೆ ಡೌಟ್ ಪಡ್ಬೇಡಿ ಮಾರಾಯ್ರೆ. ಎಲ್ಲೋ ಲೀಕಾದ ಮೇಲ್ ಐಡಿ ಲಿಸ್ಟ್ ಹಿಡ್ಕೊಂಡು ಬಾಟ್‌ಗಳು, ಅಂದ್ರೆ ತಾವಾಗೇ ಓಡುವ ಪ್ರೋಗ್ರಾಂಗಳು, ಊರಿನ ಎಲ್ಲ ಆಫೀಸಿಗೂ ಹೀಗೇ ಟ್ರೈ ಮಾಡ್ತಾ ಇರ್ತವೆ, ಒಂದೇ ಪಾಸ್‌ವರ್ಡ್ ಹಿಡ್ಕೊಂಡು ಎಲ್ಲ ಸ್ಟಾಫ್ ಹೆಸರಲ್ಲೂ ಒಂದೊಂದು ಸಲ, ಲಾಕ್ ಆಗದ ಹಾಗೆ ನಿಧಾನಕ್ಕೆ. ಆ ಸಾಲುಗಳ ಮೇಲೆ ಕ್ಲಿಕ್ ಮಾಡಿದ್ರೆ ಎರರ್ ಕೋಡ್ 50126 ಅಂತ ಕಾಣ್ತದೆ, ಅಂದ್ರೆ ಪಾಸ್‌ವರ್ಡ್ ತಪ್ಪು. ಅದನ್ನು ಎಣಿಸ್ತಾ ಕೂತ್ರೆ ಟೈಮ್ ವೇಸ್ಟ್ ಅಷ್ಟೇ.

ಆದ್ರೆ ಫೇಲಾದದ್ದರಲ್ಲೂ ಒಂದು ಜಾತಿ ಬಿಡ್ಲಿಕ್ಕಾಗುದಿಲ್ಲ. ಕೋಡ್ 500121 ಇದ್ರೆ ಪಾಸ್‌ವರ್ಡ್ ಸಾಮಾನ್ಯವಾಗಿ ಸರಿಯಾಗೇ ಹಾಕಿರ್ತಾರೆ, ಫೋನಿಗೆ ಬರುವ ಎರಡನೇ ಸ್ಟೆಪ್‌ನಲ್ಲಿ ಸಿಕ್ಕಿ ಬಿದ್ದದ್ದು. ಅದು ನಿಮ್ಮ ಸ್ಟಾಫೇ ಫೋನ್ ಮನೆಯಲ್ಲಿ ಮರ್ತು ಬಂದದ್ದು ಇರ್ಬಹುದು, ಇಲ್ಲಾಂದ್ರೆ ಅವರ ಪಾಸ್‌ವರ್ಡ್ ಬೇರೆಯವರ ಕೈಯಲ್ಲಿ ಉಂಟು. ಎದ್ದು ಹೋಗಿ ಅವರ ಹತ್ರ ಕೇಳಿ, "ನಿನ್ನೆ ರಾತ್ರಿ ನೀವಾ?" ಅಂತ. ಅಲ್ಲ ಅಂದ್ರೆ ಆಗಲೇ ಪಾಸ್‌ವರ್ಡ್ ಚೇಂಜ್.

ಇನ್ನು ಮುಖ್ಯ ಕೆಲಸ. ಸ್ಟೇಟಸ್ ಫಿಲ್ಟರ್‌ನಲ್ಲಿ ಸಕ್ಸೆಸ್ ಮಾತ್ರ ಇಟ್ಟು ನೋಡಿ, ಆ ರಾಶಿ ಎಲ್ಲ ಮಾಯ ಆಗಿ ನಿಮ್ಮ ಆಫೀಸಿನವರ ಲಾಗಿನ್ ಮಾತ್ರ ಉಳೀತದೆ, ಅದ್ರಲ್ಲಿ ಯಾವುದು ನಮ್ಮದಲ್ಲ ಅಂತ ಹುಡುಕುದು. ಊರಿನ ಹೆಸರು ನೋಡಿ ಮಾತ್ರ ಡಿಸೈಡ್ ಮಾಡ್ಬೇಡಿ. ಹಂಪನಕಟ್ಟೆಯಲ್ಲಿ ನಿಂತು ಮೊಬೈಲ್ ಡೇಟಾದಲ್ಲಿ ಮೇಲ್ ನೋಡಿದವರು ಲಾಗ್‌ನಲ್ಲಿ ಬೆಂಗಳೂರು, ಚೆನ್ನೈ, ಮುಂಬೈ ಅಂತ ಬರ್ತಾರೆ, ಮೊಬೈಲ್ ಕಂಪನಿಯವರ ಐಪಿ (ಇಂಟರ್ನೆಟ್ ವಿಳಾಸ) ಎಲ್ಲಿ ರಿಜಿಸ್ಟರ್ ಆಗಿದ್ಯೋ ಆ ಊರು ತೋರಿಸುದು ಅದು. ನಮ್ಮ ಕಡೆ ಪಾರ್ಟ್‌ನರ್ ಒಬ್ರು ದುಬೈಯಲ್ಲಿ ಇರುದು ಕೂಡ ಮಾಮೂಲು. ಬೆಳಿಗ್ಗೆ ಮಂಗಳೂರು, ಹತ್ತು ನಿಮಿಷ ಬಿಟ್ಟು ದುಬೈ ಅಂತ ಬಂದ್ರೆ ಅವರ ವಿಪಿಎನ್ (ಬೇರೆ ಊರಿನ ಸರ್ವರ್ ಮೂಲಕ ನೆಟ್ ಬಳಸುದು) ಇರ್ಬಹುದು. ಹಾಗಾಗಿ ಊರಿನ ಜೊತೆ ಡಿವೈಸ್, ಬ್ರೌಸರ್, ನೆಟ್‌ವರ್ಕ್ ಮೂರನ್ನೂ ಸೇರಿಸಿ ನೋಡಿ.

ಉದಾಹರಣೆಗೆ ಇಂಥ ಒಂದು ಸಾಲು ಸಿಕ್ತು ಅಂತ ಇಟ್ಕೊಳ್ಳಿ: ಡಾಕ್ಯುಮೆಂಟೇಶನ್ ನೋಡುವ ಮೇಡಂ ಹೆಸರು, ಅವರು ಯಾವಾಗ್ಲೂ ವಿಂಡೋಸ್, ಕ್ರೋಮ್, ಆಫೀಸಿನ ಬಿಎಸ್‌ಎನ್‌ಎಲ್ ಫೈಬರ್. ಈ ಸಾಲಲ್ಲಿ ಮಾತ್ರ ಲಿನಕ್ಸ್, ಫೈರ್‌ಫಾಕ್ಸ್, ಐಪಿ ಯಾವುದೋ ಹೊರದೇಶದ ಸರ್ವರ್ ಹೋಸ್ಟಿಂಗ್ ಕಂಪನಿಯದ್ದು, ಎರಡನೇ ಸ್ಟೆಪ್ ಕೂಡ ಪಾಸಾಗಿದೆ ಅಂತ ಉಂಟು. ಒಟಿಪಿ ಇದ್ದೂ ಹೇಗೆ ಒಳಗೆ ಬಂದ್ರು ಅಂತ ಕೇಳ್ತೀರಿ. ಡುಪ್ಲಿಕೇಟ್ ಲಾಗಿನ್ ಪೇಜ್ ಕಳಿಸ್ತಾರೆ, ಮೇಡಂ ಅದ್ರಲ್ಲಿ ಪಾಸ್‌ವರ್ಡ್, ಒಟಿಪಿ ಎಲ್ಲ ಹಾಕ್ತಾರೆ, ಅದು ಹಿಂದಿನಿಂದ ನಿಜವಾದ ಮೈಕ್ರೋಸಾಫ್ಟಿಗೇ ಹೋಗಿ ಪಾಸೂ ಆಗ್ತದೆ, ನಡುವೆ ಕೂತವನಿಗೆ ಸೆಷನ್ ಕುಕೀ, ಅಂದ್ರೆ ಲಾಗಿನ್ ಆಗಿದೆ ಅನ್ನುವ ಗುರುತಿನ ಚೀಟಿ, ಸಿಗ್ತದೆ. ಆಮೇಲೆ ಅವನಿಗೆ ಪಾಸ್‌ವರ್ಡೂ ಬೇಡ ಒಟಿಪಿಯೂ ಬೇಡ.

ಅದಕ್ಕೇ ಬರೀ ಪಾಸ್‌ವರ್ಡ್ ಚೇಂಜ್ ಮಾಡಿ ಸುಮ್ನೆ ಕೂತ್ರೆ ಆಗುದಿಲ್ಲ. ರಿವೋಕ್ ಸೆಷನ್ಸ್ ಕೊಟ್ಟು ಎಲ್ಲ ಕಡೆಯಿಂದ ಹೊರಗೆ ಹಾಕಿ. ಒಟಿಪಿಗೆ ಹೊಸ ಫೋನ್ ನಂಬರ್ ಸೇರಿಸಿದ್ದಾರಾ, ಯಾವುದಾದ್ರೂ ಗೊತ್ತಿಲ್ಲದ ಆ್ಯಪ್‌ಗೆ ಮೇಲ್ ಓದ್ಲಿಕ್ಕೆ ಪರ್ಮಿಷನ್ ಹೋಗಿದೆಯಾ ನೋಡಿ. ಮತ್ತೆ ಮೇಲ್‌ಬಾಕ್ಸ್‌ನ ರೂಲ್ಸ್ ತೆಗೆದು ನೋಡಿ, ಇದನ್ನು ಮಾತ್ರ ಮರೀಬೇಡಿ. 'ಇನ್‌ವಾಯ್ಸ್' ಅಥವಾ 'ಪೇಮೆಂಟ್' ಅಂತ ಇರುವ ಮೇಲ್ ಬಂದ್ರೆ ಸೀದಾ ಆರ್‌ಎಸ್‌ಎಸ್ ಫೀಡ್ಸ್ ಫೋಲ್ಡರಿಗೆ ಹಾಕು ಅಂತ ರೂಲ್ ಮಾಡಿ ಇಡ್ತಾರೆ, ಆ ಫೋಲ್ಡರ್ ಯಾರು ಓಪನ್ ಮಾಡ್ತಾರೆ ಹೇಳಿ. ಬಯರ್ ಜೊತೆ ಮಾತುಕತೆ ಅಲ್ಲೇ ಓದ್ತಾ ಇದ್ದು ಕಂಟೇನರ್ ಹೊರಡುವ ಟೈಮಿಗೆ ಸರಿಯಾಗಿ "ನಮ್ಮ ಬ್ಯಾಂಕ್ ಅಕೌಂಟ್ ಚೇಂಜ್ ಆಗಿದೆ" ಅಂತ ನಿಮ್ಮ ಹೆಸರಲ್ಲೇ ಮೇಲ್ ಹೋಗ್ತದೆ. ಎಕ್ಸ್‌ಪೋರ್ಟ್‌ನವರಿಗೆ ಇದೇ ದೊಡ್ಡ ಪೆಟ್ಟು. ಹಾಗೇನಾದ್ರೂ ಕಂಡ್ರೆ ಬಯರಿಗೆ ಮೇಲ್ ಮಾಡ್ಬೇಡಿ, ಹಳೇ ನಂಬರಿಗೆ ಫೋನ್ ಮಾಡಿ. ದುಡ್ಡು ಹೋಗಿಯೇ ಬಿಟ್ಟಿದ್ರೆ ಬ್ಯಾಂಕಿಗೆ ಮತ್ತೆ ಸೈಬರ್ ಮೋಸದ ಹೆಲ್ಪ್‌ಲೈನ್ 1930ಕ್ಕೆ ಕಾಲ್, ಆ ಕ್ಷಣವೇ.

ದಿನಾ ನೋಡ್ಬೇಕಾ ಅಂದ್ರೆ, ಬೇಡ, ವಾರಕ್ಕೊಮ್ಮೆ ಸಾಕು, ಆದ್ರೆ ವಾರ ತಪ್ಪಿಸ್ಲಿಕ್ಕಿಲ್ಲ. ಫ್ರೀಯಾಗಿ ಬರುವ ಎಂಟ್ರಾ ಐಡಿಯಲ್ಲಿ (ಮೈಕ್ರೋಸಾಫ್ಟ್ 365ರ ಲಾಗಿನ್ ನೋಡ್ಕೊಳ್ಳುವ ಸರ್ವಿಸ್ ಅದು) ಸೈನ್-ಇನ್ ಲಾಗ್ 7 ದಿನ ಮಾತ್ರ ಇರುದು, ಬಿಸಿನೆಸ್ ಪ್ರೀಮಿಯಂ ಪ್ಲಾನ್ ತಕೊಂಡ್ರೆ 30 ದಿನ. ಕೇಂದ್ರ ಸರ್ಕಾರದ ಸೈಬರ್ ಸೆಕ್ಯುರಿಟಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ಆರ್ಡರ್ ಪ್ರಕಾರ ಕಂಪನಿಗಳು ತಮ್ಮ ಸಿಸ್ಟಮ್ ಲಾಗ್‌ಗಳನ್ನು 180 ದಿನ ಇಡ್ಬೇಕು, ಹಾಗಾಗಿ ಸೋಮವಾರ ನೋಡಿ ಆದ ಮೇಲೆ ಡೌನ್‌ಲೋಡ್ ಮಾಡಿ ಎತ್ತಿಡಿ. ಡೌನ್‌ಲೋಡ್ ಆದ ಫೈಲಲ್ಲಿ ಟೈಮ್ ಯುಟಿಸಿಯಲ್ಲಿ (ಜಾಗತಿಕ ಸಮಯ, ನಮ್ಮದಕ್ಕಿಂತ ಹಿಂದೆ) ಇರ್ತದೆ, ಐದೂವರೆ ಗಂಟೆ ಸೇರಿಸಿ ಓದಿ. ಬೆಳಗಿನ ಜಾವ ನಾಲ್ಕಕ್ಕೆ ಯಾರೋ ಲಾಗಿನ್ ಆಗಿದ್ದಾರೆ ಅಂತ ಗಾಬರಿ ಬಿದ್ದದ್ದು ಕಡೆಗೆ ಒಂಬತ್ತೂವರೆಗೆ ಆಫೀಸಿಗೆ ಬಂದ ನಿಮ್ಮದೇ ಹುಡುಗ ಆಗಿರ್ತಾನೆ.

ಪ್ರಶ್ನೆ: ಉಡುಪಿಯಲ್ಲಿ ಸಿಎ ಆಫೀಸ್ ನಮ್ದು, ಗೂಗಲ್ ವರ್ಕ್‌ಸ್ಪೇಸ್. ಆಫೀಸಿನ ಒಂದೇ ಐಡಿಯನ್ನು ನಾಲ್ಕು ಜನ ಯೂಸ್ ಮಾಡುದು, ಒಟಿಪಿ ಸರ್ ಫೋನಿಗೆ ಬರ್ತದೆ, ಅವರು ಕೂಗಿ ಹೇಳ್ತಾರೆ. ಇದ್ರಲ್ಲಿ ಲಾಗ್ ನೋಡುದು ಹೇಗೆ?

ಉತ್ತರ: ನೋಡಿ ಎಂತ ಮಾಡುದು, ನಾಲ್ಕು ಜನರೂ ಒಂದೇ ಹೆಸರಲ್ಲಿ ಕಾಣ್ತಾರೆ. ಆರ್ಟಿಕಲ್‌ಶಿಪ್ ಮುಗಿಸಿ ಹೋದ ಹುಡುಗನ ಲ್ಯಾಪ್‌ಟಾಪಲ್ಲಿ ಇನ್ನೂ ಲಾಗಿನ್ ಇದ್ರೂ ಗೊತ್ತಾಗುದಿಲ್ಲ. ಪ್ರತಿಯೊಬ್ರಿಗೂ ಬೇರೆ ಬೇರೆ ಐಡಿ ಕೊಡಿ, ಆ ಕಾಮನ್ ಐಡಿಯ ಮೇಲನ್ನು ಜಿಮೇಲ್ ಡೆಲಿಗೇಶನ್‌ನಲ್ಲಿ ಹಂಚಿ, ಪಾಸ್‌ವರ್ಡ್ ಯಾರಿಗೂ ಕೊಡದೆ ಎಲ್ಲರೂ ಓದ್ಬಹುದು, ರಿಪ್ಲೈ ಮಾಡ್ಬಹುದು. ಖರ್ಚು ಸ್ವಲ್ಪ ಜಾಸ್ತಿ ಆಗ್ತದೆ, ಆಗ್ಲಿ, ಕ್ಲೈಂಟ್‌ಗಳ ಪ್ಯಾನು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಅಲ್ಲೇ ಇರುದಲ್ವಾ. ಅದಾದ ಮೇಲೆ ಅಡ್ಮಿನ್ ಕನ್ಸೋಲ್‌ನಲ್ಲಿ ಯೂಸರ್ ಲಾಗ್ ಈವೆಂಟ್ಸ್ ನೋಡಿ, ಆರು ತಿಂಗಳದ್ದು ಸಿಗ್ತದೆ. ಹೊರಗಿನ ಐಡಿಗೆ ಮೇಲ್ ಫಾರ್ವರ್ಡ್ ಆನ್ ಮಾಡಿದ್ದು, ಟು-ಸ್ಟೆಪ್ ಆಫ್ ಮಾಡಿದ್ದು ಕೂಡ ಅದ್ರಲ್ಲೇ ಬರ್ತದೆ.

ಪ್ರಶ್ನೆ: ಮಣಿಪಾಲದ ಸಣ್ಣ ಸಾಫ್ಟ್‌ವೇರ್ ಕಂಪನಿ. ಲಾಗಿನ್ ನೋಡ್ತೇವೆ ಅಂದ್ರೆ ಸ್ಟಾಫ್ "ನಮ್ಮ ಮೇಲೆ ಸಿಐಡಿ ಕೆಲ್ಸವಾ" ಅಂತಾರೆ. ಎಂತ ಹೇಳುದು?

ಉತ್ತರ: ಈ ಲಾಗ್‌ನಲ್ಲಿ ಕಾಣುದು ಯಾವಾಗ, ಎಲ್ಲಿಂದ, ಯಾವ ಡಿವೈಸಲ್ಲಿ ಅಕೌಂಟ್ ಓಪನ್ ಆಯ್ತು ಅಂತ ಮಾತ್ರ, ಮೇಲ್ ಒಳಗೆ ಎಂತ ಬರೆದಿದ್ದಾರೆ ಅಂತ ಕಾಣುದಿಲ್ಲ. ಅದನ್ನೇ ಬರೆದು ಎಲ್ಲರಿಗೂ ಕಳಿಸಿ. ಆದ್ರೆ ಇದನ್ನು ಹಿಡ್ಕೊಂಡು ಯಾರು ಲೇಟಾಗಿ ಬಂದ್ರು ಅಂತ ಲೆಕ್ಕ ಹಾಕ್ಲಿಕ್ಕೆ ಹೊರಟ್ರೆ ಕೆಲ್ಸ ಕೆಟ್ಟಿತು ಅಂತ ತಿಳ್ಕೊಳ್ಳಿ, ನಾಳೆ ಯಾರಾದ್ರೂ ಮೋಸದ ಲಿಂಕ್ ಒತ್ತಿದ್ರೆ ನಿಮ್ಮ ಹತ್ರ ಬಂದು ಹೇಳುದಿಲ್ಲ, ಮುಚ್ಚಿಡ್ತಾರೆ. ಮತ್ತೆ, ಅಡ್ಮಿನ್ ಆದ ನಿಮ್ಮ ಲಾಗಿನ್ ಯಾರು ನೋಡುದು? ಗೂಗಲ್ ಆಗ್ಲಿ ಮೈಕ್ರೋಸಾಫ್ಟ್ ಆಗ್ಲಿ, ರಿಪೋರ್ಟ್ ನೋಡುವ ಪರ್ಮಿಷನ್ ಮಾತ್ರ ಇರುವ ರೋಲ್ ಕೊಡ್ಲಿಕ್ಕಾಗ್ತದೆ. ಸ್ಟಾಫಲ್ಲೇ ಒಬ್ರಿಗೆ ಅದನ್ನು ಕೊಟ್ಟು ವಾರಕ್ಕೊಮ್ಮೆ ನಿಮ್ಮದನ್ನೂ ಚೆಕ್ ಮಾಡ್ಲಿಕ್ಕೆ ಹೇಳಿ.