ಹಾಲು ಒಲ್ಲೆನ್ನುವ ಹೊಟ್ಟೆ, ಮಜ್ಜಿಗೆ ಒಪ್ಪುವ ಹೊಟ್ಟೆ

ಪ್ರಶ್ನೆ: ಬೆಳಿಗ್ಗೆ ಒಂದು ಲೋಟ ಹಾಲು ಕುಡಿದರೆ ತಾಸಿನೊಳಗೆ ಹೊಟ್ಟೆ ಗುಡುಗುಡು, ಆಮೇಲೆ ಭೇದಿ. ಮಜ್ಜಿಗೆ ಮಾತ್ರ ಏನೂ ಮಾಡುವುದಿಲ್ಲ. ಪೇಡೆ ಒಮ್ಮೆ ಆಗಿಬರುತ್ತದೆ, ಒಮ್ಮೆ ಇಲ್ಲ. ಹಾಲು-ಹೈನು ಪೂರ್ತಿ ಬಿಡಬೇಕೆ?
– ಓದುಗರು, ಧಾರವಾಡ

ಉತ್ತರ: ಪೂರ್ತಿ ಬಿಡುವುದು ಬೇಡ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ನಿಮಗೆ ಅರಗುತ್ತಿಲ್ಲ ಎನಿಸುತ್ತದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ವಯಸ್ಸಾದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಅರಗದ ಸಕ್ಕರೆ ನೀರೆಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗಾಳಿ ಎಬ್ಬಿಸುತ್ತವೆ.

200 ಮಿ.ಲೀ. ಹಾಲಿನಲ್ಲಿ ಸುಮಾರು 9-10 ಗ್ರಾಂ ಲ್ಯಾಕ್ಟೋಸ್ ಇದೆ. ಮೊಸರಾದಾಗ ಹೆಪ್ಪಿನ ಬ್ಯಾಕ್ಟೀರಿಯಾ ಒಂದಷ್ಟನ್ನು ಮೊದಲೇ ಮುಗಿಸಿರುತ್ತವೆ. ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪೇಡೆಯ ಲೆಕ್ಕ ಬೇರೆ: ಹಾಲು ಬತ್ತಿಸಿದರೆ ನೀರು ಹೋಗುತ್ತದೆ, ಲ್ಯಾಕ್ಟೋಸ್ ಉಳಿಯುತ್ತದೆ. ಊಟವಾದ ಮೇಲೆ ಒಂದು ಪೇಡೆಗೆ ಸುಮ್ಮನಿದ್ದ ಹೊಟ್ಟೆ, ಹಸಿದಾಗ ನಾಲ್ಕು ತಿಂದರೆ ಗದ್ದಲ ಎಬ್ಬಿಸೀತು.

ನಿಮ್ಮ ಅಳತೆ ಹೀಗೆ ಕಂಡುಕೊಳ್ಳಿ. ಎರಡು ವಾರ ಹಾಲು, ಹಾಲು ಹಾಕಿದ ಚಹಾ, ಖೋವಾದ ಸಿಹಿ, ಐಸ್‌ಕ್ರೀಮ್, ಹಾಲಿನ ಪುಡಿಯ ಬಿಸ್ಕತ್ತು ನಿಲ್ಲಿಸಿ. ಒಗ್ಗಿದ ಮಜ್ಜಿಗೆ ಇರಲಿ. ಆರಾಮಾದರೆ ಊಟದ ಜೊತೆ 50 ಮಿ.ಲೀ. ಹಾಲು ಶುರುಮಾಡಿ, ಮೂರು ದಿನಕ್ಕೊಮ್ಮೆ 100, 150, 200ಕ್ಕೆ ಏರಿಸಿ. ತೊಂದರೆ ಕಂಡ ಅಳತೆಯ ಹಿಂದಿನದೇ ನಿಮ್ಮ ಮಿತಿ. ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಅದೇ ದಿನ ಮಡಕಿಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ ಹೊಟ್ಟೆತುಂಬ ತಿಂದು, ಗಾಳಿಯ ದೂರನ್ನು ಹಾಲಿನ ಮೇಲೆ ಹಾಕುವುದು.

ಹಾಲು ಕಡಿಮೆಯಾದರೆ ಕ್ಯಾಲ್ಸಿಯಂಗೆ ಜೋಳದ ರೊಟ್ಟಿಯನ್ನು ನಂಬಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಇದ್ದರೆ ಜೋಳದಲ್ಲಿ 30ರ ಆಸುಪಾಸು. ಸಜ್ಜೆ ರೊಟ್ಟಿಗೆ ಎಳ್ಳು ಧಾರಾಳ ಹಚ್ಚಿ.

ಮಲದಲ್ಲಿ ರಕ್ತ, ತೂಕ ಇಳಿಕೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಈ ಪ್ರಯೋಗ ಬೇಡ, ವೈದ್ಯರನ್ನು ಕಾಣಿ. ಹಾಲು ಕುಡಿದಾಗ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಆದರೆ ಅದು ಅಲರ್ಜಿ. ಒಂದು ಚಮಚವೂ ಕುಡಿದು ನೋಡಬೇಡಿ.

ಪ್ರಶ್ನೆ: ಚಪಾತಿಯಿಂದ ಹೊಟ್ಟೆ ಉಬ್ಬುತ್ತದೆ. ಗೋಧಿ ಬಿಡಲೇ?
– ಓದುಗರು, ಗದಗ

ಉತ್ತರ: ಈಗಲೇ ಬಿಡಬೇಡಿ. ಮೊದಲು ವೈದ್ಯರಿಗೆ ಹೇಳಿ ಸೀಲಿಯಾಕ್ ಕಾಯಿಲೆಗಾಗಿ, ಅಂದರೆ ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಕೆಡುವ ಕಾಯಿಲೆಗಾಗಿ, ಟಿಟಿಜಿ ರಕ್ತಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟು ಹೋದರೆ, ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಸೀಲಿಯಾಕ್ ಖಚಿತವಾದರೆ ಜೋಳದ ರೊಟ್ಟಿ ಆಸರೆಯೇನೋ ಹೌದು, ಆದರೆ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಜೋಳ ಸುರಿದರೆ ಉಪಯೋಗವಿಲ್ಲ; ಮನೆಯಲ್ಲೇ ಬೇರೆ ಬೀಸಿಕೊಳ್ಳಿ. ರವೆ, ಶಾವಿಗೆಯೂ ಗೋಧಿಯವೇ. ಇಂಗಿನ ಡಬ್ಬಿಯನ್ನೂ ಓದಿ: ಅನೇಕದರಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ.